ಮ್ಯಾಲೆ ಕಸಾ ಹೊಡಿಯೋರು ಯಾರು?

2025ರ ಜೂನ್ 26ರ ಸಂಜೆ. ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಜೀನ್ಸ್ ಪ್ಯಾಂಟುಗಳ ಗುಡ್ಡೆ ಹಾಕಿಕೊಂಡು ದಾರ ಕತ್ತರಿಸುತ್ತ ಕೂತಿದ್ದಳು. ಟಿವಿಯಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದ ಬಾಗಿಲು ದಾಟಿ ಒಳಗೆ ತೇಲಿ ಬರುತ್ತಿದ್ದರು. 1984ರಲ್ಲಿ ರಾಕೇಶ್ ಶರ್ಮಾ ಹೋಗಿ ಬಂದ ಮೇಲೆ 41 ವರ್ಷಕ್ಕೆ ನಮ್ಮ ದೇಶದ ಇನ್ನೊಬ್ಬರು ಮೇಲೆ ಹೋಗಿದ್ದರು. ನಿರೂಪಕನ ದನಿ ಸೂರಿಗೆ ಬಡಿಯುತ್ತಿತ್ತು. ನನಗೂ ಕಣ್ಣು ತುಸು ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಟಿವಿ ನೋಡಿದಳು. ಗೋಡೆ ತುಂಬ ವೈರು, ಲ್ಯಾಪ್‌ಟಾಪು, ಚೀಲ, ಪಟ್ಟಿ ಬಿಗಿದು ಕಟ್ಟಿದ ಸಾಮಾನು. ನೆಲ ಯಾವುದು, ಸೂರು ಯಾವುದು ತಿಳಿಯದಂಥ ಜಾಗ.

"ಏನಪಾ, ಇಷ್ಟೊಂದು ಹರವಿಕೊಂಡು ಕುಂತಾರ," ಅಂದಳು. "ಅಲ್ಲಿ ಕಸಾ ಹೊಡಿಯೋರು ಯಾರು?"

ನಕ್ಕುಬಿಟ್ಟೆ. ನಕ್ಕ ಮೇಲೆ ಗೊತ್ತಾಯಿತು, ಉತ್ತರ ನನಗೆ ಗೊತ್ತಿಲ್ಲ ಅಂತ. ನಿಲ್ದಾಣ ಎಷ್ಟು ಎತ್ತರದಲ್ಲಿದೆ, ಎಷ್ಟು ವೇಗವಾಗಿ ಸುತ್ತುತ್ತದೆ ಅಂತ ಕೇಳಿದ್ದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ. ಪೇಪರಿನ ಬಾಹ್ಯಾಕಾಶ ಸುದ್ದಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತ ಬೆಳೆದವನು ನಾನು. ಈಗ ಒಂದು ಜೀನ್ಸ್ ಯುನಿಟ್ಟಿನಲ್ಲಿ ಲೆಕ್ಕ ಬರೆಯುತ್ತೇನೆ, ಆದರೂ ರಾಕೆಟ್ ಹಾರುವ ದಿನ ಮೊಬೈಲು ಲೆಡ್ಜರಿನ ಮೇಲೇ ಇರುತ್ತದೆ. ಇಷ್ಟು ವರ್ಷ ಓದಿದರೂ ಈ ಪ್ರಶ್ನೆ ತಲೆಗೆ ಹೊಳೆದಿರಲಿಲ್ಲ. ಯಾಕೆ ಅಂದರೆ, ನಮ್ಮ ಮನೆಯಲ್ಲಿ ಕಸ ಹೊಡೆಯುವವನು ನಾನಲ್ಲ.

ರಾತ್ರಿ ಕೂತು ಹುಡುಕಿದೆ. ಐದೈದು ನಿಮಿಷಕ್ಕೂ ಲೆಕ್ಕ ಇಡುವ ವೇಳಾಪಟ್ಟಿ ಆ ಮನೆಯದು. ಅದರಲ್ಲಿ ಶನಿವಾರ ಅಂದರೆ ಕಸದ ವಾರ. ಇದ್ದವರೆಲ್ಲ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಜಾಲರಿಗಳಲ್ಲಿ ಕೂತ ಧೂಳು ಎಳೆಯುತ್ತಾರೆ, ಔಷಧಿ ಹಾಕಿದ ಒದ್ದೆ ಬಟ್ಟೆಯಿಂದ ಹಿಡಿಕೆಗಳನ್ನು, ಊಟದ ಮೇಜನ್ನು, ಶೌಚಾಲಯವನ್ನು ಒರೆಸುತ್ತಾರೆ. ನಾಳೆಯಿಂದ ಬಾ ಅಂತ ಕೆಲಸದವರಿಗೆ ಹೇಳಿಕಳಿಸಲು ಪಕ್ಕದ ಓಣಿ ಅಂತ ಒಂದು ಇರಬೇಕಲ್ಲ.

ಬೆಳಿಗ್ಗೆ ಅವ್ವನಿಗೆ ವರದಿ ಒಪ್ಪಿಸಿದೆ.

"ಗಂಡಸ್ರೂ ಹೊಡೀತಾರೇನು?"

"ಎಲ್ಲಾರೂ ಬೇ. ಕಮಾಂಡರ್ ಸೈತ."

ಅಪ್ಪ ಪೇಪರ್ ಹಿಡಿದು ಕೂತಿದ್ದ. ಅವ್ವ ಅವನ ಕಡೆ ನೋಡಲಿಲ್ಲ, ಕತ್ತರಿ ಮಾತ್ರ ಎರಡು ಸಲ ಜೋರಾಗಿ ಸದ್ದು ಮಾಡಿತು. "ಹಂಗಾರ ನಿಮ್ಮಪ್ಪನ್ನ ಒಂದಾರು ತಿಂಗಳು ಅಲ್ಲಿಗೆ ಕಳಿಸಾಕ ಬರತೈತೇನು ಕೇಳು."

ಆವತ್ತಿನಿಂದ ಶುಕ್ಲಾ ವಾಪಸ್ ಬಂದ ಜುಲೈ 15ರವರೆಗೆ, ಆಮೇಲೂ, ನಮ್ಮ ಪಡಸಾಲೆಯಲ್ಲಿ ಇದೇ ನಡೆಯಿತು. ಅವ್ವ ಕೇಳುವುದು, ನಾನು ಹುಡುಕುವುದು.

ಬಳ್ಳಾರಿಯ ಜೀನ್ಸ್ ಓಣಿಗಳನ್ನು ನೋಡದವರಿಗೆ ಒಂದು ಮಾತು. ಹೊಲಿದ ಪ್ಯಾಂಟಿನ ಸಂದುಗೊಂದಿಯಲ್ಲಿ ಉಳಿದ ದಾರದ ತುದಿಗಳನ್ನು ಒಂದೊಂದಾಗಿ ಕತ್ತರಿಸಬೇಕು. ಪೀಸಿಗೆ ಇಷ್ಟು ಅಂತ ದುಡ್ಡು. ಹೆಣ್ಣುಮಕ್ಕಳು ಬಂಡಲ್ ಮನೆಗೆ ತಂದು ಅಡುಗೆ, ಮಕ್ಕಳು, ಧಾರಾವಾಹಿಗಳ ನಡುವೆ ಈ ಕೆಲಸ ಮುಗಿಸುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ದಾರ ಎಲ್ಲೆಲ್ಲೂ. ಸೀರೆಗೆ, ಹಾಸಿಗೆಗೆ, ಒಮ್ಮೊಮ್ಮೆ ಸಾರಿಗೂ. ಫ್ಯಾನಿನ ಗಾಳಿಗೆ ಹಾರಿ ಹೋಗಿ ಕಪಾಟಿನ ಹಿಂದಿನ ಒಂದೇ ಮೂಲೆಯಲ್ಲಿ ನೀಲಿ ಉಂಡೆಯಾಗಿ ಕೂರುತ್ತದೆ. ಕಿವಿಯೋಲೆ ಬಿದ್ದರೂ ಅವ್ವ ಮೊದಲು ಕೈ ಹಾಕುವುದು ಆ ಮೂಲೆಗೇ.

ಮೇಲೂ ಹಾಗೆಯೇ. ತೂಕವಿಲ್ಲದ ಜಾಗದಲ್ಲಿ ಏನೂ ಕೆಳಗೆ ಬೀಳುವುದಿಲ್ಲ, ಕೈಬಿಟ್ಟದ್ದು ಗಾಳಿಯ ಜೊತೆ ತೇಲುತ್ತ ಹೋಗಿ ಗಾಳಿ ಎಳೆಯುವ ಜಾಲರಿಗೆ ಅಂಟಿಕೊಳ್ಳುತ್ತದೆ. ಪೆನ್ನು, ಸ್ಕ್ರೂ, ಚಮಚ ಕಳೆದರೆ ಅವರು ಹುಡುಕುವುದು ಅಲ್ಲೇ. ಹಾಗಂತ ಎಲ್ಲವೂ ಸಿಗುವುದಿಲ್ಲ. ಫ್ರಾಂಕ್ ರೂಬಿಯೋ ಎಂಬ ಗಗನಯಾತ್ರಿ ಅಲ್ಲಿ ಬೆಳೆದಿದ್ದ ಪುಟ್ಟ ಟೊಮೆಟೊವನ್ನು ಚೀಲದಲ್ಲಿಟ್ಟು ಎಲ್ಲೋ ಸಿಕ್ಕಿಸಿದರು, ತಿರುಗಿ ನೋಡುವಷ್ಟರಲ್ಲಿ ಇಲ್ಲ. ತಮ್ಮ ಬಿಡುವಿನ ವೇಳೆಯಲ್ಲೇ ಹದಿನೆಂಟಿಪ್ಪತ್ತು ತಾಸು ಹುಡುಕಿದೆ ಅಂತ ಆಮೇಲೆ ಅವರೇ ಹೇಳಿಕೊಂಡರು. ಯಾರು ನಂಬಬೇಕು? "ನೀನೇ ತಿಂದಿದ್ದೀಯ" ಅಂತ ಎಲ್ಲರೂ ಕಾಲೆಳೆದರು. 371 ದಿನ ಮೇಲಿದ್ದು 2023ರ ಸೆಪ್ಟೆಂಬರಿನಲ್ಲಿ ಅದೇ ಅಪವಾದ ಹೊತ್ತು ಭೂಮಿಗೆ ಬಂದರು. ಡಿಸೆಂಬರಿನಲ್ಲಿ ಅಲ್ಲಿದ್ದವರಿಗೆ ಟೊಮೆಟೊ ಸಿಕ್ಕಿತು, ಒಣಗಿ ಸುಕ್ಕಾಗಿ, ಚೀಲದೊಳಗೇ.

ಅವ್ವನಿಗೆ ಈ ಕಥೆ ಬಹಳ ಹಿಡಿಸಿತು. ನಾನು ಚಿಕ್ಕವನಿದ್ದಾಗ ಡಬ್ಬಿಯೊಳಗಿನ ಬೆಲ್ಲ ಕದ್ದೆ ಅಂತ ಹೊಡೆದಿದ್ದಳು, ಆಮೇಲೆ ನೋಡಿದರೆ ಇರುವೆ ಕಾಟಕ್ಕೆ ತಾನೇ ಮಡಕೆಯಲ್ಲಿ ಬಚ್ಚಿಟ್ಟಿದ್ದಳು. "ಪಾಪ, ಆ ಹುಡುಗಗ ಯಾರರ ತಪ್ಪಾತು ಅಂದ್ರೇನು?" ಅಂತ ಕೇಳಿದಳು. ನನಗೆ ಯಾವತ್ತೂ ಅಂದಿಲ್ಲ, ಅದು ಬೇರೆ ಮಾತು.

ರೊಟ್ಟಿಯ ಮಾತು ಬರಲೇಬೇಕಿತ್ತು, ಬಂತು. "ತಿನ್ನಾಕ ರೊಟ್ಟಿ ಒಯ್ತಾರೇನು?"

1965ರ ಮಾರ್ಚ್ 23ರಂದು ಜೆಮಿನಿ 3 ನೌಕೆಯಲ್ಲಿ ಹೋದ ಜಾನ್ ಯಂಗ್, ಮೇಲಧಿಕಾರಿಗಳಿಗೆ ಗೊತ್ತಾಗದಂತೆ ಅಂಗಿಯ ಜೇಬಿನಲ್ಲಿ ಮಾಂಸದ ಸ್ಯಾಂಡ್‌ವಿಚ್ ಇಟ್ಟುಕೊಂಡು ಹೋಗಿದ್ದರು. ಜೊತೆಗಿದ್ದ ಗಸ್ ಗ್ರಿಸಮ್ ಒಂದು ತುತ್ತು ಕಚ್ಚಿದ್ದೇ ಬ್ರೆಡ್ಡಿನ ಚೂರು ತೇಲತೊಡಗಿದವು. ಚೂರು ಯಂತ್ರದ ಸಂದಿಗೆ ಹೋದರೆ, ಕಣ್ಣಿಗೆ, ಶ್ವಾಸಕ್ಕೆ ಹೋದರೆ ಏನು ಗತಿ? ಅಲ್ಲಿಗೆ ಊಟ ಬಂದ್, ಸ್ಯಾಂಡ್‌ವಿಚ್ ಮತ್ತೆ ಜೇಬಿಗೆ. ಕೆಳಗೆ ಬಂದ ಮೇಲೆ ಅಮೆರಿಕದ ಸಂಸದರು ಆ ಒಂದು ಸ್ಯಾಂಡ್‌ವಿಚ್ ಹಿಡಿದುಕೊಂಡು ನಾಸಾದವರನ್ನು ತರಾಟೆಗೆ ತೆಗೆದುಕೊಂಡರು. ಮುಂದೆ 1985ರ ನವೆಂಬರಿನಲ್ಲಿ ಮೆಕ್ಸಿಕೊದ ರೊಡಾಲ್ಫೊ ನೆರಿ ವೆಲಾ, ನನಗೆ ನಮ್ಮೂರ ಟೋರ್ಟಿಯಾ ಬೇಕು ಅಂದರು. ಟೋರ್ಟಿಯಾ ಅಂದರೆ ಮೆತ್ತನೆಯ ರೊಟ್ಟಿಯೇ. ಚೂರು ಉದುರದು, ಸುತ್ತಿ ಒಂದೇ ಕೈಯಲ್ಲಿ ತಿನ್ನಬಹುದು. ಅವತ್ತಿನಿಂದ ಬ್ರೆಡ್ ಹಿಂದೆ ಬಿತ್ತು, ರೊಟ್ಟಿಯೇ ಮನೆಮಾತಾಯಿತು.

ಅವ್ವ ತೀರ್ಪು ಕೊಟ್ಟಳು: "ಖಡಕ್ ರೊಟ್ಟಿ ನಡಿಯಂಗಿಲ್ಲ. ಮುರಿದ್ರ ಪುಡಿ ಪುಡಿ. ಬಿಸಿ ರೊಟ್ಟಿ ಮೆತ್ತಗಿರ್ತಾವು, ಅವು ನಡೀತಾವು." ತುಸು ಹೊತ್ತು ಬಿಟ್ಟು, "ಶೇಂಗಾ ಚಟ್ನಿ?"

"ಪುಡಿ ಹಾರತೈತಿ ಬೇ."

"ಎಣ್ಣಿ ಹಾಕಿ ಕಲಸಿ ಒಯ್ಯಲಿ."

ನಾನು ಬಾಯಿ ಮುಚ್ಚಿದೆ. ಅಲ್ಲಿ ಉಪ್ಪನ್ನು ನೀರಿನಲ್ಲಿ ಕರಗಿಸಿ, ಕಾಳುಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಪುಟ್ಟ ಸೀಸೆಯಲ್ಲಿ ಕೊಡುತ್ತಾರೆ ಅಂತ ಹೇಳಲು ಹೊರಟಿದ್ದೆ. ಇವಳು ಪ್ಯಾಂಟಿನ ಜಿಪ್ಪಿನಿಂದ ಕಣ್ಣೆತ್ತದೆ ಅಷ್ಟು ದೂರ ಬಂದುಬಿಟ್ಟಿದ್ದಳು.

ಶುಕ್ಲಾ ಒಯ್ದದ್ದು ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ಹಣ್ಣಿನ ಸೀಕರಣೆ. "ಬರೇ ಸಿಹಿನಾ?" ಅಂತ ಅವ್ವನಿಗೆ ಮರುಕ. ಅವಳ ಮರುಕಕ್ಕೆ ಕಾರಣವೂ ಇದೆ. ಕಾಲಿನ ಕಡೆ ಇಳಿಯಬೇಕಾದ ದೇಹದ ದ್ರವ ತೂಕವಿಲ್ಲದ ಕಡೆ ತಲೆಗೆ ಏರುತ್ತದೆ. ಮುಖ ಊದಿ, ನೆಗಡಿ ಬಂದವರ ಹಾಗೆ ಮೂಗು ಕಟ್ಟುತ್ತದೆ, ಊಟ ಸಪ್ಪೆ ಅನ್ನಿಸುತ್ತದೆ. ಹಾಗಾಗಿ ಕೆಳಗೆ ಖಾರ ಮುಟ್ಟದವರೂ ಮೇಲೆ ಹೋದ ಮೇಲೆ ಖಾರದ ಸಾಸಿನ ಬಾಟಲಿ ಹುಡುಕುತ್ತಾರಂತೆ. ನೆಗಡಿಗೆ ನಮ್ಮೂರಲ್ಲೂ ಇದೇ ಮದ್ದು. ಸಂಜೆ ಬಂಡಿ ಮುಂದೆ ನಿಂತು ಒಗ್ಗರಣೆ ಮಂಡಕ್ಕಿಯ ಜೊತೆ ಎರಡು ಮಿರ್ಚಿ ತಿಂದರೆ ಮೂಗು ತಾನೇ ಹಾದಿ ಬಿಡುತ್ತದೆ.

ಇದೇ ಯಾತ್ರೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗವೂ ಮೇಲೆ ಹೋಗಿತ್ತು, ಹೆಸರುಕಾಳು ಮತ್ತು ಮೆಂತ್ಯ ಮೊಳಕೆಯೊಡೆಸುವುದು. ನನಗೆ ಹೆಮ್ಮೆ. ಅವ್ವ ಅಡುಗೆಮನೆಯ ಮೊಳೆಗೆ ತೂಗುಬಿಟ್ಟಿದ್ದ ಒದ್ದೆ ಬಟ್ಟೆಯ ಗಂಟು ತೋರಿಸಿ, "ಇಲ್ಲೂ ಹೊಡದಾವು, ಬಂದು ನೋಡು," ಅಂದಳು. ಬೇರು ಕೆಳಗೆ ಹೋಗಬೇಕು ಅಂತ ಕಾಳಿಗೆ ಹೇಳುವ ತೂಕವೇ ಇಲ್ಲದ ಕಡೆ ಅದು ಏನು ಮಾಡುತ್ತದೆ ಅನ್ನೋದು ಪ್ರಶ್ನೆ ಅಂತ ವಿವರಿಸಿದೆ. ಗಂಟು ಬಿಚ್ಚಿ ಒಂದು ಕಾಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಪಾಪ, ಅದಕ್ಕೂ ದಿಕ್ಕು ತಿಳಿಯಂಗಿಲ್ಲ," ಅಂದಳು.

ಬಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಅವ್ವ ಕತ್ತರಿ ಕೆಳಗಿಟ್ಟಳು.

ಅಲ್ಲಿ ಬಟ್ಟೆ ಒಗೆಯುವುದೇ ಇಲ್ಲ. ಅಷ್ಟು ನೀರಿಲ್ಲ, ವಾಷಿಂಗ್ ಮಷೀನಿಲ್ಲ. ದಿನಕ್ಕೆ ಎರಡು ತಾಸು ಬೆವರು ಸುರಿಸಿ ವ್ಯಾಯಾಮ ಮಾಡುತ್ತಾರೆ, ಮಾಡದಿದ್ದರೆ ಎಲುಬು ಸ್ನಾಯು ಸವೆಯುತ್ತವೆ. ಅದೇ ಅಂಗಿಯನ್ನು ಒಣಗಿಸಿ ದಿನಗಟ್ಟಲೆ ಹಾಕಿಕೊಳ್ಳುತ್ತಾರೆ. ಇನ್ನು ಸಾಧ್ಯವೇ ಇಲ್ಲ ಅನ್ನಿಸಿದಾಗ, ಸಾಮಾನು ತಂದು ಖಾಲಿಯಾದ ನೌಕೆಗೆ ಕಸದ ಜೊತೆ ತುಂಬುತ್ತಾರೆ. ಆ ನೌಕೆ ವಾತಾವರಣಕ್ಕೆ ಇಳಿಯುತ್ತ ಕಸದ ಸಮೇತ ಸುಟ್ಟುಹೋಗುತ್ತದೆ.

ಇದನ್ನು ಬಳ್ಳಾರಿಯಲ್ಲಿ ಕೂತು ಹೇಳುವುದು ಹೇಗೆ? ಹೊಸ ಪ್ಯಾಂಟನ್ನು ಹಳೆಯದರಂತೆ ಕಾಣುವ ತನಕ ಒಗೆಯುವುದೇ ಇಲ್ಲೊಂದು ದಂಧೆ. ವಾಷಿಂಗ್ ಯುನಿಟ್ಟುಗಳಲ್ಲಿ ಅದಕ್ಕೇ ದೊಡ್ಡ ದೊಡ್ಡ ಮಷೀನುಗಳಿವೆ.

"ಸುಡ್ತಾರಾ? ಚಲೋ ಬಟ್ಟಿನ?" ಅವ್ವ ಬಹಳ ಹೊತ್ತು ಯೋಚಿಸಿದಳು. "ಸುಡೋವಾಗ ಬೆಂಕಿ ಕಾಣತೈತೇನು?"

"ಚುಕ್ಕಿ ಉದುರಿದಂಗ ಕಾಣತೈತಿ."

"ಹಂಗಾರ ಚುಕ್ಕಿ ಉದುರಿತು ಅಂತ ನಾವು ಕೈಮುಗಿದಿದ್ದು ಯಾರದೋ ಬನಿಯನ್ನಿಗೇನು?"

ಅಪ್ಪ ಪೇಪರ್ ಬಿಸಾಕಿ ನಗತೊಡಗಿದ. ಆ ನೌಕೆಗಳನ್ನು ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಮೇಲೆ ಸುಡುತ್ತಾರೆ, ನಮ್ಮೂರಿಗೆ ಕಾಣುವುದಿಲ್ಲ ಅಂತ ಹೇಳಲು ನೋಡಿದೆ. ಆ ನಗುವಿನಲ್ಲಿ ಕೇಳುವವರು ಯಾರು?

ಅಪ್ಪನೇ ಮುಂದುವರಿಸಿದ. ಅವನು ಸಂಡೂರು ಕಡೆಯ ಅದಿರು ಲಾರಿ ಓಡಿಸಿದವನು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೂ ಆ ರಸ್ತೆಯ ಮರ, ಮನೆ, ನಾಯಿ ಎಲ್ಲವೂ ಒಂದೇ ಬಣ್ಣ. ಅವನ ಅಂಗಿಯನ್ನು ಅವ್ವ ನಮ್ಮ ಬಟ್ಟೆಯ ಜೊತೆ ನೆನೆಸುತ್ತಿರಲಿಲ್ಲ. ಬೇರೆ ಬಕೀಟು, ಮೂರು ನೀರು ಬದಲಿಸಿದರೂ ಕೆಂಪು ಬಿಡುತ್ತಿತ್ತು. ಚಂದ್ರನ ಮೇಲೂ ಇದೇ ಪಾಡು ಅಂದೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರವರು ಮೂರು ದಿನ ಅಲ್ಲಿದ್ದಾಗ ಬಿಳಿ ಪೋಷಾಕು ಬೂದಿ ಹೊರಳಿದ ಹಾಗಾಗಿತ್ತು. ಗಾಳಿ, ನೀರು ಎರಡೂ ಇಲ್ಲದ ಕಡೆ ಧೂಳಿನ ಕಣ ಸವೆದು ನುಣುಪಾಗುವುದಿಲ್ಲ, ಗಾಜಿನ ಚೂರಿನ ಹಾಗೆ ಚೂಪಾಗೇ ಉಳಿಯುತ್ತದೆ. ಅಂಟಿದರೆ ಬಿಡದು. ಒಳಗೆ ಬಂದು ಶಿರಸ್ತ್ರಾಣ ತೆಗೆದದ್ದೇ ಹ್ಯಾರಿಸನ್ ಸ್ಮಿಟ್‌ಗೆ ಮೂಗು ಕಟ್ಟಿತು. ಭೂವಿಜ್ಞಾನಿ ಅವರು, ಕಲ್ಲುಮಣ್ಣಿನ ಜೊತೆಗೇ ಬದುಕಿದವರು, ಆ ಮಣ್ಣೇ ಆಗಿಬರಲಿಲ್ಲ. ಸುಟ್ಟ ಮದ್ದಿನ ವಾಸನೆ ಬರುತ್ತಿತ್ತಂತೆ. "ದೀಪಾವಳಿ ಮರುದಿನದ ವಾಸನಿ," ಅಂದ ಅಪ್ಪ. ಅವ್ವನ ಪ್ರಶ್ನೆ ಒಂದೇ: "ಆ ಅಂಗಿ ಒಗೆದೋರು ಯಾರು?" ಯಾರೂ ಒಗೆಯಲಿಲ್ಲ.

ನೀರಿನ ವಿಷಯ ಊಟದ ಹೊತ್ತಿಗೆ ತೆಗೆದದ್ದು ನನ್ನದೇ ತಪ್ಪು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆಯ ನೀರು ಅಂಗಳಕ್ಕೆ ಹೋಗುತ್ತದೆ. ಮೇಲಿನವರು 2023ರಲ್ಲಿ ನೂರಕ್ಕೆ 98 ಪಾಲು ನೀರನ್ನು ವಾಪಸ್ ಪಡೆಯುವ ಮಟ್ಟ ಮುಟ್ಟಿದರು ಅಂದಾಗ ಅವ್ವನ ಮುಖ ಅರಳಿತು. ಉಸಿರಿನ ತೇವ, ಬೆವರು, ಆಮೇಲೆ... ಅನ್ನುವಷ್ಟರಲ್ಲಿ "ಸಾಕು, ಉಣ್ಣಾಕತ್ತೀನಿ," ಅಂತ ಕೈ ಎತ್ತಿದಳು.

ಎದುರು ಮನೆಯ ಖಾಲಾ ನಮ್ಮವ್ವನ ಹಾಗೇ ಬಂಡಲ್ ತರುವವರು. ಒಂದು ಮಧ್ಯಾಹ್ನ ಇಬ್ಬರೂ ಕೂತಿದ್ದಾಗ ನಾನು ದಿನಕ್ಕೆ 16 ಸಲ ಸೂರ್ಯ ಹುಟ್ಟಿ ಮುಳುಗುವ ಕಥೆ ಹೇಳಿದೆ. ತೊಂಬತ್ತು ನಿಮಿಷಕ್ಕೊಂದು ಸುತ್ತು. ಖಾಲಾ ಬೆರಳು ಮಡಚಿ ಲೆಕ್ಕ ಹಾಕಿದರು. "ಹಂಗಾರ ದಿನಕ್ಕ ಎಂಬತ್ತು ಸಲ ನಮಾಜಾ? ಬ್ಯಾರೆ ಕೆಲಸ ಯಾವಾಗ ಮಾಡೋದು ಮಗಾ?"

ಈ ಪ್ರಶ್ನೆ ನಿಜವಾಗಿಯೂ ಎದ್ದಿತ್ತು. 2007ರ ಅಕ್ಟೋಬರಿನಲ್ಲಿ ಮಲೇಷ್ಯಾದ ಶೇಖ್ ಮುಜಫರ್ ಶುಕೂರ್ ನಿಲ್ದಾಣಕ್ಕೆ ಹೋದಾಗ ರಂಜಾನ್ ತಿಂಗಳು ನಡೆದಿತ್ತು. ಅಲ್ಲಿನ ಧರ್ಮಪಂಡಿತರು ಕೂತು ನಿಯಮ ಬರೆದುಕೊಟ್ಟರು. ಸೂರ್ಯನನ್ನು ನೋಡಬೇಡ, ನೌಕೆ ಹೊರಟ ಊರಿನ ಗಡಿಯಾರ ನೋಡು, 24 ತಾಸಿಗೆ ಐದೇ ಸಲ. ಸಾಧ್ಯವಾದರೆ ಕಾಬಾದ ಕಡೆ ಮುಖ ಮಾಡು. ಅದಾಗದಿದ್ದರೆ ಭೂಮಿಯ ಕಡೆ, ಅದೂ ಆಗದಿದ್ದರೆ ಎತ್ತಲಾದರೂ ಸರಿ. ಖಾಲಾ ಕೇಳಿ ಸುಮ್ಮನೆ ಕೂತರು. ಆಮೇಲೆ ಹೇಳಿದರು: "ಭೂಮಿ ಕಡೆ ಅಂದ್ರ ನಮ್ಮ ಕಡೆನೇ ಆತಲ್ಲ."

ಇಷ್ಟು ದಿನದಲ್ಲಿ ಅವ್ವ ತಾನಾಗಿ ಹೇಳಿದ ಬಾಹ್ಯಾಕಾಶದ ಕಥೆ ಒಂದೇ. ಅವಳ ತವರು ಯಲಬುರ್ಗಾ ಕಡೆಯ ಹಳ್ಳಿ. ಈಗ ಕೊಪ್ಪಳ ಜಿಲ್ಲೆ, ಆಗ ರಾಯಚೂರು ಜಿಲ್ಲೆ. 1979ರ ಜುಲೈ, ಅವಳಿಗೆ ಒಂಬತ್ತೋ ಹತ್ತೋ ವರ್ಷ. ಸ್ಕೈಲ್ಯಾಬ್ ಅನ್ನುವ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆ, ಲೋಕ ಮುಳುಗುತ್ತದೆ ಅಂತ ರೇಡಿಯೋ ಸುದ್ದಿ ಬಾಯಿಂದ ಬಾಯಿಗೆ ಬೆಳೆದು ಊರಿಗೆ ಬಂತು. ಹೆಂಗೂ ಸಾಯೋದೇ ಅಂತ ಕೆಲವರು ಕೋಳಿ ಕೊಯ್ದರು. ನಮ್ಮಜ್ಜ ಹಬ್ಬಕ್ಕೆ ಇಟ್ಟಿದ್ದ ಬೆಲ್ಲ, ಕಡಲೆಬೇಳೆ ಎಲ್ಲಾ ತೆಗೆಸಿ ಹೋಳಿಗೆ ಮಾಡಿಸಿದ. ಅಜ್ಜಿ ಯಾವತ್ತೂ ಹನಿ ಲೆಕ್ಕದಲ್ಲಿ ಬಡಿಸುತ್ತಿದ್ದ ತುಪ್ಪವನ್ನು ಆವತ್ತು ತಂಬಿಗೆ ಬಗ್ಗಿಸಿ ಸುರಿದಳಂತೆ. "ನಾಳೆ ಯಾರಿಗೆ ಇಡಲಿ?" ಉಂಡು, ಮಕ್ಕಳನ್ನೆಲ್ಲ ನಡುವೆ ಮಲಗಿಸಿಕೊಂಡು, ದೊಡ್ಡವರು ಮಾಳಿಗೆಯ ಮೇಲೆ ಆಕಾಶ ನೋಡುತ್ತ ಕೂತರು. ಬೆಳಗಾಯಿತು. ಕೋಳಿ ಕೂಗಲಿಲ್ಲ ಯಾಕಂದರೆ ಕೋಳಿ ಉಳಿದಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಕಿರಾಣಿ ಅಂಗಡಿಯವನು ಸಾಲದ ವಹಿ ಹಿಡಿದು ಬಾಗಿಲಿಗೆ ಬಂದ.

ಜುಲೈ 11ರಂದು, ನಮ್ಮ ಲೆಕ್ಕದಲ್ಲಿ ರಾತ್ರಿ ಹತ್ತು ದಾಟಿದ ಮೇಲೆ, ಅದು ಚೂರುಚೂರಾಗಿ ಬಿದ್ದದ್ದು ಹಿಂದೂ ಮಹಾಸಾಗರಕ್ಕೆ ಮತ್ತು ಆಸ್ಟ್ರೇಲಿಯಾದ ಪಶ್ಚಿಮಕ್ಕೆ. ಯಾರಿಗೂ ಪೆಟ್ಟಾಗಲಿಲ್ಲ. ಎಸ್ಪರೆನ್ಸ್ ಅನ್ನುವ ಊರಿನ ಆಡಳಿತದವರು, ನಮ್ಮೂರಲ್ಲಿ ಕಸ ಹಾಕಿದ್ದೀರಿ ಅಂತ ನಾಸಾಕ್ಕೆ 400 ಡಾಲರ್ ದಂಡ ಹಾಕಿದರು, ತಮಾಷೆಗೆ. ನಾಸಾ ಕೊಡಲಿಲ್ಲ. 30 ವರ್ಷದ ಮೇಲೆ, 2009ರಲ್ಲಿ, ಅಮೆರಿಕದ ಒಬ್ಬ ರೇಡಿಯೋ ನಿರೂಪಕ ಕೇಳುಗರಿಂದ ಚಂದಾ ಎತ್ತಿ ತುಂಬಿದ. ಅದೇ ಸ್ಕೈಲ್ಯಾಬಿನಲ್ಲಿ ಸ್ನಾನಕ್ಕೆ ಒಂದು ಮಡಚುವ ಷವರ್ ಇತ್ತು, ತಯಾರಿ, ಸ್ನಾನ, ತೇಲುವ ಹನಿ ಹಿಡಿದು ಒರೆಸುವುದು ಎಲ್ಲ ಸೇರಿ ಎರಡೂವರೆ ತಾಸು ಹಿಡಿಯುತ್ತಿತ್ತು ಅಂತ ಹೇಳಿದೆ. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಇನ್ನೂ ತುಪ್ಪದಲ್ಲೇ ಇದ್ದಳು. "ಅಷ್ಟು ತುಪ್ಪ ನಮ್ಮವ್ವ ಮತ್ತ ಯಾವತ್ತೂ ಹಾಕಲಿಲ್ಲ ನೋಡು," ಅಂದಳು.

ಶುಕ್ಲಾ ವಾಪಸ್ ಬಂದು ತಿಂಗಳುಗಳೇ ಕಳೆದಿದ್ದವು. ಮೋಡವಿಲ್ಲದ ಒಂದು ಸಂಜೆ ನಿಲ್ದಾಣ ನಮ್ಮೂರ ಮೇಲೆ ಹಾಯುವ ಹೊತ್ತನ್ನು ಮೊಬೈಲಿನಲ್ಲಿ ನೋಡಿ ಅವ್ವನನ್ನು ಮಾಳಿಗೆಗೆ ಕರೆದೆ. ಮಂಡಿ ನೋವು, ಮೆಟ್ಟಿಲು ಕಡಿದು. ಗೊಣಗುತ್ತಲೇ ಹತ್ತಿದಳು, ಸೀರೆಗೆ ನಾಲ್ಕು ನೀಲಿ ದಾರ ಅಂಟಿಕೊಂಡೇ ಇದ್ದವು. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಪಡುವಣದಿಂದ ಒಂದು ಬೆಳಕು ಎದ್ದಿತು. ಮಿಣುಕಲಿಲ್ಲ, ಸದ್ದಿಲ್ಲ, ಕೋಟೆ ಗುಡ್ಡದ ಮೇಲೆ ಹಾದು ನೆತ್ತಿಯ ಕಡೆ ನೆಟ್ಟಗೆ ಬಂತು. 400 ಕಿಲೋಮೀಟರ್ ಮೇಲೆ, ಅಂದರೆ ಬೆಂಗಳೂರಿಗಿಂತ ತುಸು ದೂರ ಅಷ್ಟೇ ಅಂದೆ. ಹಂಪಿ ಎಕ್ಸ್‌ಪ್ರೆಸ್ಸಿಗೆ ಒಂದು ರಾತ್ರಿ ಹಿಡಿಯುವ ದೂರವನ್ನು ಅದು ಮುಕ್ಕಾಲು ನಿಮಿಷದಲ್ಲಿ ಮುಗಿಸುತ್ತದೆ.

"ಅದರಾಗ ಮಂದಿ ಅದಾರ?"

"ಅದಾರ ಬೇ."

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೆಳಕು ನೆತ್ತಿ ದಾಟಿ ಮೂಡಣಕ್ಕೆ ಇಳಿಯುತ್ತ, ಭೂಮಿಯ ನೆರಳು ಹೊಕ್ಕು, ಯಾರೋ ದೀಪ ಸಣ್ಣಗೆ ಮಾಡಿದ ಹಾಗೆ ಮಂಕಾಗಿ ಆರಿತು.

"ಇವತ್ತು ಶನಿವಾರ ಅಲ್ಲೇನು?"

ಹೌದು. ಅವರ ಗಡಿಯಾರ ಲಂಡನ್ನಿನ ಗ್ರೀನಿಚ್ ಲೆಕ್ಕದ್ದು, ನಮಗಿಂತ ಐದೂವರೆ ತಾಸು ಹಿಂದೆ. ಅಲ್ಲೀಗ ಮಧ್ಯಾಹ್ನ ಎರಡರ ಹತ್ತಿರ ಅಂದೆ.

"ಮುಗಿಸಿರ್ತಾರ ಬಿಡು," ಅಂದಳು ಅವ್ವ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಬಂಡಲ್ ಒಯ್ಯುವವನು ಎಂಟಕ್ಕೆ ಬರುವವನಿದ್ದ, ಇನ್ನೂ ಆರು ಪೀಸು ಬಾಕಿ ಇದ್ದವು.